ಗಾಡಿಗಳಿಗೊಂದು ವಿಳಾಸ

ನಮ್ಮಿಬ್ಬರ ಕಾರುಗಳ ವಿಮೆ ಒಂದೇ ವಾರದಲ್ಲಿ ಮುಗಿಯುತ್ತದೆ. ನನ್ನ ಮದುವೆಯ ಮೂಲವೂ ಅದೇ. ಸೇಡಂ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿಗೆ ಅಂಟಿಕೊಂಡ ಕೋಣೆಯಲ್ಲಿ ನಮ್ಮ ವಿಮಾ ಏಜೆಂಟರು ಕೂರುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಲ್ಲಿ ಕರೆಂಟು ಹೋಯಿತು, ಕಂಪ್ಯೂಟರು ಕಣ್ಣು ಮುಚ್ಚಿತು. ಕಾಯಲು ಉಳಿದವರು ಇಬ್ಬರೇ. ಒಬ್ಬಳು ಶಹಾಬಾದದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು. ಇನ್ನೊಬ್ಬರು ಚಿಂಚೋಳಿಯ ದನದ ದವಾಖಾನೆಯ ಡಾಕ್ಟರು. ಅವರು ಮಡಚಿದ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ, ನನಗೆ ಗೊತ್ತಾಗದ ಹಾಗೆ ಅರ್ಧ ಗಾಳಿಯನ್ನು ನನ್ನ ಕಡೆ ತಿರುಗಿಸಿದರು. ನನಗೆ ಗೊತ್ತಾಯಿತು. ಮರುವರ್ಷ ಅದೇ ವಾರ ಮತ್ತೆ ಅಲ್ಲೇ ಸಿಕ್ಕೆವು, ಏಜೆಂಟರು ಚಾ ತರಿಸಿದರು. ಅದರ ಮರುವರ್ಷ ವಿಮೆ ಮುಗಿಯಲು ಇನ್ನೂ ತಿಂಗಳಿರುವಾಗಲೇ ಇಬ್ಬರೂ ಸೇಡಮ್ಮಿಗೆ ಹೋಗಿ ಕೂತಿದ್ದೆವು.

ಮದುವೆಯಾದಾಗ ನನಗೆ ನಲವತ್ತೇಳು, ಮೊದಲ ಮದುವೆ. ಅವರಿಗೆ ಐವತ್ತು ದಾಟಿತ್ತು, ಮೊದಲ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಈ ವಯಸ್ಸಿನಲ್ಲಿ ಮದುವೆಯಾಗುವ ಹೆಂಗಸಿಗೆ ಎದುರಿಗೆ ಬುದ್ಧಿ ಹೇಳಲು ಜನ ಹೆದರುತ್ತಾರೆ, ಅದಕ್ಕೇ ಬೆನ್ನ ಹಿಂದೆ ಹೇಳುತ್ತಾರೆ. ಹೇಳಿಕೊಳ್ಳಲಿ, ಊರ ಉಸಾಬರಿ ನನಗೇಕೆ? ಹಲಗೆಯ ಮೇಲೆ ಬೇಡಿಕೆಯ ರೇಖೆ ಎಳೆಯುತ್ತ ನಾನು ಸುಮ್ಮಸುಮ್ಮನೆ ನಗುತ್ತಿದ್ದೆ. ರೇಖೆ ಕೆಳಗಿಳಿಯುವ ಬದಲು ಮೇಲಕ್ಕೆ ಹೋಗಿರುತ್ತಿತ್ತು. ಹುಡುಗಿಯರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

ಮದುವೆಯೇನೋ ಆಯಿತು, ಮನೆಗಳು ಮಾತ್ರ ಎರಡೇ ಉಳಿದವು. ಶಹಾಬಾದದ್ದು ನಾನು ದುಡಿದು ಕಟ್ಟಿಸಿದ ಮನೆ. ಅದರ ನೆಲದ ಒಂದೊಂದು ಫರಸಿ ಕಲ್ಲನ್ನೂ ಗಣಿಯ ಬಿಸಿಲಲ್ಲಿ ನಿಂತು ನಾನೇ ಆರಿಸಿದ್ದು, ಮೂಲೆ ಮುರಿದದ್ದನ್ನು ಕೊಡಲು ಬಂದವನಿಗೆ ಬೈದಿದ್ದೂ ನಾನೇ. ಚಿಂಚೋಳಿಯದ್ದು ನನ್ನ ಅತ್ತೆಯ ಮನೆ. ಅತ್ತೆ ಎಪ್ಪತ್ತು ದಾಟಿದ ಎತ್ತರದ ಹೆಂಗಸು, ತೊಗರಿ ಹೊಲವನ್ನೂ ಮಗನನ್ನೂ ಒಂದೇ ದನಿಯಲ್ಲಿ ಆಳುವವರು, ಸಿಟ್ಟು ಏರಿದರೆ ಕನ್ನಡ ಬಿಟ್ಟು ತೆಲುಗಿಗೆ ಹೊರಳುವವರು. ವಾರವಿಡೀ ನಾವಿಬ್ಬರೂ ನಮ್ಮ ನಮ್ಮ ನೌಕರಿಯ ಊರಲ್ಲಿ ಇರುತ್ತಿದ್ದೆವು. ಶನಿವಾರ ಬಂತೆಂದರೆ ಒಬ್ಬರು ಇನ್ನೊಬ್ಬರ ಕಡೆ ಹೊರಡುತ್ತಿದ್ದೆವು. ವಾಡಿ, ಚಿತ್ತಾಪುರ, ಸೇಡಂ ದಾಟಿ ಹೋಗುವ ಆ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ನಾನು ಗಂಟಲು ಹರಿಯುವಂತೆ ಹಾಡುತ್ತಿದ್ದೆ. ರೈಲ್ವೆ ಗೇಟು ಬಿದ್ದರೆ ಪಕ್ಕದ ಟಂಟಂ ಆಟೋದಲ್ಲಿ ಕೂತವರು ನನ್ನನ್ನೇ ನೋಡುತ್ತಿದ್ದರು. ನೋಡಲಿ ಎಂದು ಇನ್ನೊಂದು ಹಾಡು ಎತ್ತುತ್ತಿದ್ದೆ.

ಗಾಡಿಗಳು ಎರಡು, ಅವರದು ಕೆಂಪು, ನನ್ನದು ಬಿಳಿ. ವರ್ಷ ತುಂಬುವುದರೊಳಗೆ ಅವೂ ಕಲಸಿಹೋದವು. ಬಿಳಿ ಗಾಡಿಯಲ್ಲಿ ಏಸಿ ಚೆನ್ನಾಗಿದೆ ಎಂದು ಅತ್ತೆಯನ್ನು ಹೊಲಕ್ಕೆ ಕರೆದೊಯ್ಯಲು ಅವರು ಅದನ್ನು ಇಟ್ಟುಕೊಳ್ಳುತ್ತಿದ್ದರು. ನಾನು ಕೆಂಪು ಗಾಡಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ, ಅದರ ಹಿಂದಿನ ಸೀಟಿನಲ್ಲಿ ಎಮ್ಮೆಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಉರುಳಾಡುತ್ತಿರುತ್ತಿತ್ತು.

ಕಳೆದ ವರ್ಷ ಏಜೆಂಟರು ಫೋನ್ ಮಾಡಿದರು. “ಮೇಡಂ, ಈ ಸಲ ಎರಡೂ ಗಾಡಿ ಒಂದೇ ಮನ್ಯಾನವು ಆದ್ವಲ್ರಿ. ಅಡ್ರೆಸ್ ಯಾವ್ದು ಹಾಕ್ಲಿ?”

“ಯಾವ್ದು ಹಾಕಿದ್ರ ಕಮ್ಮಿ ಬೀಳ್ತದರಿ?” ಎಂದೆ. ಅರ್ಥಶಾಸ್ತ್ರದವಳು ಮತ್ತೇನು ಕೇಳಿಯಾಳು?

“ಎರಡೂ ಅಷ್ಟೇ ರೀ. ಪೈಸಾದಾಗ ಏನೂ ಫರಕ್ ಇಲ್ಲ. ನಿಮ್ಮ ಮನಸಿಗೆ ಬಂದದ್ದು ಹೇಳ್ರಿ.”

ಕೆಟ್ಟಿತಲ್ಲ! ಸ್ವಲ್ಪ ಹೆಚ್ಚುಕಡಿಮೆ ಇದ್ದಿದ್ದರೆ ಅಗ್ಗದ್ದನ್ನು ಆರಿಸಿ ಕೈತೊಳೆದುಕೊಳ್ಳಬಹುದಿತ್ತು. ಮನಸ್ಸಿಗೆ ಬಂದದ್ದು ಹೇಳಿ ಎಂದರೆ ಮನಸ್ಸಿಗೆ ಏನು ಬಂದಿದೆಯೆಂದು ಮೊದಲು ಹುಡುಕಬೇಕು. ನನ್ನ ಪೇಚಾಟ ಕೇಳಿ ಏಜೆಂಟರೇ ಒಂದು ದಾರಿ ತೋರಿಸಿದರು. “ಯಾವ ಗಾಡಿ ರಾತ್ರಿ ಜಾಸ್ತಿ ಎಲ್ಲಿ ನಿಲ್ತದ, ಆ ಅಡ್ರೆಸ್ ಕೊಡ್ರಿ. ನಾಳೆ ಏನಾರ ಆದ್ರ ನೋಡ್ಲಿಕ್ಕೆ ಬರೋ ಸರ್ವೇಯರಗೂ ಛಲೋ.” ಆ ಲೆಕ್ಕದಲ್ಲಿ ನನ್ನ ಗಾಡಿ ಅತ್ತೆಯ ಮನೆಯದ್ದು, ಗಂಡನ ಗಾಡಿ ನನ್ನ ಮನೆಯದ್ದು ಆಗಿಬಿಡುತ್ತಿತ್ತು. ಇಬ್ಬರೂ ಫೋನಿನಲ್ಲೇ ನಕ್ಕೆವು.

ಗಂಡನಿಗೆ ಫೋನ್ ಹಚ್ಚಿದೆ. “ನೀವ ಹೇಳ್ರಿ ಮೇಡಂ” ಎಂದರು. ಏಜೆಂಟರ ಅಂಗಡಿಯಲ್ಲಿ ಶುರುವಾದ ಮೇಡಂ ಮದುವೆಯಾದ ಮೇಲೂ ಹೋಗಿರಲಿಲ್ಲ. ನಾನು “ನೀವ ಹೇಳ್ರಿ” ಎಂದೆ. ಅವರು ಮತ್ತೆ “ಇಲ್ಲ, ನೀವ” ಎಂದರು. ಹದಿನೆಂಟರ ಹುಡುಗ ಹುಡುಗಿಯರ ಹಾಗೆ ವಾರವಿಡೀ ಇದೇ ನಡೆಯಿತು, ಸಂಜೆ ಫೋನ್ ಇಟ್ಟಮೇಲೂ ನಾನು ಕನ್ನಡಿಯ ಮುಂದೆ ನಗುತ್ತಿದ್ದೆ.

ನಗುವಿನ ಒಳಗೆ ಒಂದು ಅಂಜಿಕೆಯೂ ಇತ್ತು, ಅದನ್ನು ಹೇಳಿಯೇ ಬಿಡುತ್ತೇನೆ. ಎರಡಕ್ಕೂ ಚಿಂಚೋಳಿ ಎಂದರೆ ನಾಳೆ ಮತದಾರರ ಪಟ್ಟಿ, ನಾಡಿದ್ದು ಗ್ಯಾಸು, ಆಮೇಲೆ ‘ಹೆಂಗೂ ನೀವು ಅಲ್ಲಿಯವರಾದಿರಲ್ಲ’ ಎಂದು ಯಾರೋ ನನ್ನ ಶಹಾಬಾದದ ಮನೆಯನ್ನು ಬಾಡಿಗೆಗೆ ಕೇಳುತ್ತಾರೆ. ಶಹಾಬಾದ ಎಂದರೆ ಅತ್ತೆಯ ಮನೆಯಲ್ಲಿ ನಾನು ಶನಿವಾರ ಬಂದು ಸೋಮವಾರ ಹೋಗುವ ನೆಂಟಳಾಗಿಯೇ ಉಳಿಯುತ್ತೇನೆ. ನನಗೆ ನನ್ನ ಮನೆಯೂ ಬೇಕಿತ್ತು, ಆ ಮನೆಯವಳೂ ಆಗಬೇಕಿತ್ತು. ಎರಡು ದೋಣಿಯ ಮೇಲೆ ಕಾಲಿಡಬಾರದು ಎನ್ನುತ್ತಾರೆ. ಈ ಸೀಮೆಯಲ್ಲಿ ದೋಣಿ ಹತ್ತಿದವರು ಯಾರಿದ್ದಾರೆ?

ಶಹಾಬಾದದಲ್ಲಿ ಪಕ್ಕದ ಮನೆಯ ಆಪಾಗೆ ಕೇಳಿದೆ. ಆಪಾ ನನಗಿಂತ ಹಿರಿಯರು, ಅವರ ಮನೆತನ ಆ ಓಣಿಯಲ್ಲಿ ಎಷ್ಟು ತಲೆಮಾರಿನಿಂದ ಇದೆಯೆಂದು ಅವರಿಗೂ ಗೊತ್ತಿಲ್ಲ. ನಾನಿಲ್ಲದಾಗ ನನ್ನ ಮನೆಯ ಮೇಲೆ ಕಣ್ಣಿಡುವವರು ಅವರೇ. “ಇಲ್ಲಿದೇ ಕೊಡು ಬೇಟಾ” ಎಂದರು. “ಹೆಣ್ಮಗಳಿಗಿ ತನ್ನ ಹೆಸರಿನ ಬಾಗಿಲ ಅಂತ ಒಂದು ಇರ್ಬೇಕು. ಶಾದಿ ಆದ್ರ ಏನಾತು, ಬಾಗಿಲ ಏನ್ ತಪ್ಪು ಮಾಡ್ಯಾದ?” ನನಗೆ ಅಪ್ಪಿಕೊಳ್ಳುವಷ್ಟು ಖುಷಿಯಾಯಿತು.

ಹಾಗೆ ಧೈರ್ಯ ಕಟ್ಟಿಕೊಂಡು ಆ ಶನಿವಾರ ಕೆಂಪು ಗಾಡಿಯಲ್ಲಿ ಚಿಂಚೋಳಿಗೆ ಹೋದೆ. ವಿಮೆ ಕಟ್ಟಲು ಇನ್ನು ಮಂಗಳವಾರದ ತನಕ ಮಾತ್ರ ಗಡುವಿತ್ತು. ಭಾನುವಾರ ಕೂತು ಮಾತಾಡೋಣ ಎಂದುಕೊಂಡಿದ್ದೆವು. ಭಾನುವಾರ ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗಿದವರು ಎದ್ದಾಗ ಸಂಜೆಯಾಗಿತ್ತು. ಮಾತು ಅಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ನನಗೆ ಪರೀಕ್ಷೆಯ ಕೆಲಸವಿತ್ತು, ಬೇಗ ಹೊರಡಬೇಕಿತ್ತು. ಗೋಡೆಯ ಮೊಳೆಯಲ್ಲಿ ಗಾಡಿಯ ಕೀಲಿ ಇರಲಿಲ್ಲ.

ಇದು ಹೊಸದಲ್ಲ. ಹಿಂದೆ ಬೀಗರು ಬಂಡಿ ಕಟ್ಟಿಕೊಂಡು ಬಂದಾಗ ಅತ್ತೆಯ ತವರಿನಲ್ಲಿ ಚಕ್ರ ಕಳಚದಂತೆ ತಡೆಯುವ ಕಡಾಣಿಯನ್ನು ಕಿತ್ತು ಬಚ್ಚಿಡುತ್ತಿದ್ದರಂತೆ. ಕಡಾಣಿ ಸಿಗುವ ತನಕ ಬೀಗರು ಹೊರಡುವಂತಿಲ್ಲ, ಇನ್ನೊಂದು ಹೊತ್ತು ಉಂಡೇ ಹೋಗಬೇಕು. ಅದು ಪ್ರೀತಿಯ ಪದ್ಧತಿ. ಬಂಡಿ ಹೋಗಿ ಕಾರು ಬಂದಮೇಲೆ ಅತ್ತೆ ಕೀಲಿ ಬಚ್ಚಿಡಲು ಶುರುಮಾಡಿದರು. ಜೋಳದ ಡಬ್ಬಿ, ರೊಟ್ಟಿ ಬುಟ್ಟಿ, ದೇವರ ಜಗುಲಿಯ ಹಿಂಭಾಗ, ಎಲ್ಲ ಕಡೆ ನಾನು ಹುಡುಕಿದ್ದುಂಟು. ಹುಡುಕುವಾಗ ಅವರು ಬಾಯಿಗೆ ಸೆರಗು ಹಿಡಿದು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಆ ನಗುವಿಗಾಗಿಯೇ ನಾನು ಎರಡು ಸಲ ಸಿಕ್ಕ ಕೀಲಿಯನ್ನು ಸಿಗದವಳಂತೆ ನಟಿಸಿದ್ದೆ.

ಅವತ್ತು ಮಾತ್ರ ತಲೆಯೊಳಗೆ ಏಜೆಂಟರ ಪ್ರಶ್ನೆ ಕೂತಿತ್ತು. “ಅತ್ತಿ, ಕಡಾಣಿ ಮುಚ್ಚಿಡೋದು ಬೀಗರ ಬಂಡೀದಲ್ಲ? ನಾ ಏನ್ ಈ ಮನಿಗಿ ಬೀಗತಿ ಏನ್ರಿ?” ಎಂದುಬಿಟ್ಟೆ.

ಅವರ ನಗು ನಿಂತಿತು. “ಮನ್ಯಾನಾಕಿ ಆಗಿದ್ರ ಸೋಮವಾರಕ್ಕೊಮ್ಮೆ ಹೊರಡ್ತಿದ್ದೇನವಾ?” ಎಂದರು. “ಹೋಗಾಕಿ ಅಂತೇ ಮುಚ್ಚಿಡೋದು. ಇರಾಕಿದು ಯಾರ ಮುಚ್ಚಿಡ್ತಾರ?”

ಒಳಗೆ ಹೋಗಿ ಜೋಳದ ಡಬ್ಬಿಗೆ ಮೊಣಕೈತನಕ ಕೈ ಹಾಕಿ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ತೆಲುಗಿನಲ್ಲಿ ಏನೋ ಹೇಳುತ್ತ ಹಿತ್ತಲಿಗೆ ಹೋದರು. ಗಂಡ ಬಚ್ಚಲಲ್ಲಿದ್ದರು, ಮೈಮೇಲೆ ನೀರು ಸುರಿದುಕೊಳ್ಳುತ್ತ ಹಾಡುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು. ಹೇಳದೆ ಹೊರಟೆ.

ಸೇಡಂವರೆಗೆ ಹಾಡಲಿಲ್ಲ. ಏಜೆಂಟರ ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಗಾಡಿಯಿಂದ ಇಳಿಯದೆ ಕಿಟಕಿಯಿಂದಲೇ ಕೂಗಿದೆ. “ಬರ್ಕೋರಿ, ನನ್ನ ಗಾಡಿ ಶಹಾಬಾದ್. ಅವರದು ಅವರು ಎಲ್ಲಾರ ಹಾಕ್ಕೊಳ್ಲಿ!”

ಏಜೆಂಟರು ಹೊರಬಂದು ನನ್ನ ಮುಖ ನೋಡಿದರು. ಸಾವಿರಾರು ಲಾರಿ ಮಾಲೀಕರ ಸಿಟ್ಟು ಕಂಡ ಮನುಷ್ಯ. “ಸಿಟ್ಟಿನಾಗ ಮೂಗ ಕೊಯ್ಕೊಂಡ್ರ ಶಾಂತ ಆದ್ಮ್ಯಾಲ ಬರ್ತದೇನ್ರಿ ಮೇಡಂ? ನಾಳೆತನ ಟೈಮ್ ಅದ. ಸಂಜಿಗಿ ಫೋನ್ ಮಾಡ್ತೀನಿ ತಗೋರಿ” ಎಂದು, ಸ್ಟೀರಿಂಗಿನ ಕೆಳಗೆ ಬಗ್ಗಿ ನೋಡಿ ಕೇಳಿದರು. “ಅಲ್ರಿ, ಇದೇನು ಎರಡೆರಡು ಕೀಲಿ?”

ನೋಡಿದೆ. ಕೆಂಪು ಗಾಡಿಯ ಕೀಲಿಯ ಜೊತೆ ಅದೇ ದಾರಕ್ಕೆ ಬಿಳಿ ಗಾಡಿಯದೂ ಪೋಣಿಸಿಕೊಂಡು ಜೋತಾಡುತ್ತಿತ್ತು. ನಾನು ಯಾವ ಗಾಡಿ ಒಯ್ಯುತ್ತೇನೋ ಗೊತ್ತಾಗದೆ ಅತ್ತೆ ಎರಡನ್ನೂ ಒಟ್ಟಿಗೆ ಕಟ್ಟಿ ಬಚ್ಚಿಟ್ಟಿದ್ದರು. ಸಿಟ್ಟಿನಲ್ಲಿ ಎರಡನ್ನೂ ಕೊಟ್ಟಿದ್ದರು, ಸಿಟ್ಟಿನಲ್ಲಿ ನಾನು ನೋಡದೆ ತಂದಿದ್ದೆ. ಚಿಂಚೋಳಿಯ ಅಂಗಳದಲ್ಲಿ ಬಿಳಿ ಗಾಡಿ ಕೀಲಿಯಿಲ್ಲದೆ ನಿಂತಿತ್ತು. ಪರೀಕ್ಷೆ ಬಿಟ್ಟು ಹಿಂದಿರುಗುವಂತಿರಲಿಲ್ಲ.

ಗಂಡನಿಗೆ ಫೋನ್ ಮಾಡಿದೆ. ವಿಷಯ ಕೇಳಿ ನಕ್ಕರು ನೋಡಿ, ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ನನಗೂ ತಡೆಯಲಾಗಲಿಲ್ಲ. ಏಜೆಂಟರೂ ಸೇರಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಮ್ಮತ್ತ ತಿರುಗಿದರು. ನಕ್ಕರೂ ಅತ್ತೆಯ ಮಾತು ಮಾತ್ರ ಎದೆಯಲ್ಲಿ ಚುಚ್ಚಿಕೊಂಡೇ ಇತ್ತು.

ಸಂಜೆ ಕಾಲೇಜಿನಿಂದ ಬಂದರೆ ನನ್ನ ಮನೆಯ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ಬುತ್ತಿಯ ಗಂಟು, ಸೀರೆಯ ತುಂಬ ಬಸ್ಸಿನ ಧೂಳು. ಗಂಡ ಪಕ್ಕದಲ್ಲಿ ನಿಂತು ‘ನನಗೇನೂ ಗೊತ್ತಿಲ್ಲ’ ಎಂಬ ಮುಖ ಮಾಡಿದ್ದರು. ನಮ್ಮ ಮದುವೆಯಾದ ಮೇಲೆ ಅತ್ತೆ ಶಹಾಬಾದಕ್ಕೆ ಬಂದದ್ದು ಅದೇ ಮೊದಲು.

“ಇಷ್ಟು ದಿನ ಯಾಕ ಬಂದಿಲ್ರಿ ಅತ್ತಿ?” ಎಂದೆ.

“ನೀ ಕರದಿಲ್ಲ, ನಾ ಬಂದಿಲ್ಲ.”

“ಮನ್ಯಾನವರಿಗಿ ಕರೀಬೇಕೇನ್ರಿ? ಕರಿಯೋದು ಬೀಗರಿಗಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರಿಗೇ ಮೊದಲು ತುಟಿ ಅಲುಗಿತು. “ಕೀಲಿ ಕರೀತು, ಬಂದೀನಿ. ಬಾಗಿಲ ತೆಗಿ, ಕಾಲ ಸುಡ್ಲಿಕತ್ತಾವ” ಎಂದರು. ದಿನವಿಡೀ ಬಿಸಿಲು ಕುಡಿದ ಫರಸಿಯ ಮೇಲೆ ಬರಿಗಾಲು ಇಟ್ಟು ಕೂತಿದ್ದರು ಪಾಪ.

ಒಳಗೆ ಬಂದವರು ಕುಳಿತುಕೊಳ್ಳಲಿಲ್ಲ. ಕೋಣೆ ಕೋಣೆ ಸುತ್ತಿದರು. ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿದರು, “ಕಲ್ಲ ಛಲೋ ಆರಿಸಿದಿ” ಎಂದರು. ಆ ಒಂದು ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ಆಮೇಲೆ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನನ್ನ ಜೋಳದ ಹಿಟ್ಟನ್ನು ಮೂಸಿ, “ಇದರಾಗ ರೊಟ್ಟಿ ಮಾಡ್ತೀಯೋ, ಗ್ವಾಡಿಗಿ ಹಚ್ತೀಯೋ?” ಎಂದರು. ಇಳಿದದ್ದು ಮತ್ತೆ ಏರಿತು.

ಅಷ್ಟರಲ್ಲಿ ಆಪಾ ಚಾ ಹಿಡಿದು ಬಂದರು. ಚಾ ಮುಗಿಯುವುದರೊಳಗೆ ಇಬ್ಬರೂ ಬಾಲ್ಯದ ಗೆಳತಿಯರಂತೆ ತೊಡೆಗೆ ತೊಡೆ ತಾಗಿಸಿ ಕೂತು ನನ್ನ ಹುಳುಕು ಹಂಚಿಕೊಳ್ಳತೊಡಗಿದರು. ನಾನು ಗಿಡಕ್ಕೆ ನೀರು ಹಾಕುವುದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಎದುರುತ್ತರ ಮಾತ್ರ ಬಿಡುವುದಿಲ್ಲ. ಕೊನೆಗೆ ಆಪಾ ಅಂದರು, “ನಿಮ್ಮ ಮಗ ಭಾಳ ಛಲೋ ರೀ ಅಮ್ಮಾ. ಇಲ್ಲಿ ಬಂದ್ರ ಮುಂಜಾನೆದ್ದು ಅಂಗಳ ಕಸ ಹೊಡಿತಾರ. ನಮ್ಮ ಮನಿ ಮುಂದೂ ಹೊಡಿತಾರ.”

ಅತ್ತೆ ಬಟ್ಟಲು ಕೆಳಗಿಟ್ಟರು. “ಇಂವಾ? ಕಸಬರಗಿ ಯಾವ ಕಡಿಂದ ಹಿಡಿತಾರ ಅಂತ ಗೊತ್ತೇನ್ ಇಂವಗ?”

ಗಂಡ ಕಿವಿಯ ತನಕ ಕೆಂಪಾದರು. “ನನ್ನ ಮನ್ಯಾಗ ನಾ ಕಸ ಹೊಡದ್ರ ಏನಾತವ್ವಾ?” ಎಂದರು.

ನನ್ನ ಮನೆ ಎಂದರು. ವಾರವಿಡೀ ಫೋನಿನಲ್ಲಿ ಆಡಿಸಿ ಆಡಿಸಿ ಕೇಳಿದರೂ ಬಾಯಿ ಬಿಡದಿದ್ದ ಮನುಷ್ಯ, ಕಸಬರಿಗೆಯ ಮಾನ ಉಳಿಸಲು ಹೋಗಿ ಹೇಳಿಬಿಟ್ಟರು. ನನಗೆ ಕುಣಿಯಬೇಕೆನಿಸಿತು. ಅತ್ತೆಯ ಎದುರು ಕುಣಿಯಲಾಗದೆ ಒಳಗೆ ಹೋಗಿ ಒಲೆ ಹಚ್ಚಿದೆ.

ಅತ್ತೆ ಹಿಂದೆಯೇ ಬಂದು ನನ್ನನ್ನು ಸರಿಸಿ ಆ ಕೆಟ್ಟ ಹಿಟ್ಟಿನಲ್ಲೇ ರೊಟ್ಟಿ ತಟ್ಟಲು ಕೂತರು. ಆಗ ಏಜೆಂಟರ ಫೋನ್ ಬಂತು. ಎಲ್ಲರಿಗೂ ಕೇಳುವಂತೆ ಗಂಡ ಸ್ಪೀಕರಿಗೆ ಹಾಕಿದರು.

“ಕೆಂಪು ಗಾಡಿ ಬರ್ಕೋರಿ” ಎಂದು ಅವರೇ ಶುರುಮಾಡಿದರು. “ಅಡ್ರೆಸ್ ಶಹಾಬಾದ್.” ನಮ್ಮ ಓಣಿಯನ್ನು, ಆಪಾರ ಮನೆಯ ಗುರುತನ್ನು, ಮುಂದಿನ ಬೇವಿನ ಗಿಡವನ್ನು ತಡವರಿಸದೆ ಹೇಳಿದರು.

“ಕೇರಾಫ್ ಯಾರ ಹೆಸರು ಹಾಕ್ಲಿ ಸರ್?”

“ಮೇಡಮ್ಮವರದು.”

“ಸರ್, ಗಂಡಸರಿಗಿ ಹೆಂಡ್ತಿ ಕೇರಾಫಾ? ನಾ ಇಷ್ಟು ವರ್ಷದಾಗ ಹಾಕಿಲ್ರಿ.”

“ಈಗ ಹಾಕ್ರಿ. ಈ ಓಣ್ಯಾಗ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲಾರೂ ಮೇಡಂ ಗಂಡ ಅಂತಾರ.” ಆಪಾ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಇನ್ನು ನನ್ನ ಬಿಳಿ ಗಾಡಿ. ಬಾಯಿ ತೆರೆದೆ. ಶಹಾಬಾದ ಎನ್ನಲು ನಾಲಿಗೆ ಹೊರಳಲಿಲ್ಲ, ಚಿಂಚೋಳಿ ಎನ್ನಲು ಹಕ್ಕಿದೆಯೋ ಇಲ್ಲವೋ ಎಂಬ ಅನುಮಾನ. ಬೆಳಿಗ್ಗೆ ಅತ್ತೆ ನನ್ನನ್ನು ‘ಹೋಗಾಕಿ’ ಅಂದಿದ್ದರಲ್ಲ.

“ಬಿಳಿ ಗಾಡಿ ನಮ್ಮ ಮನ್ಯಾಗದ” ಎಂದು ಅತ್ತೆ ಒಲೆಯ ಮುಂದಿನಿಂದಲೇ ಕೂಗಿದರು. “ಚಿಂಚೋಳಿ ಹಾಕು!”

“ಆಯ್ತ್ರೀ ಅಮ್ಮಾ. ಮೇಡಮ್ಮವರ ಹೆಸರಿನ ಮುಂದ ಗಂಡನ ಹೆಸರು ಹಾಕ್ತೀನಿ.”

“ಏನಂತಾನ?” ಎಂದು ಅತ್ತೆ ನನ್ನನ್ನು ಕೇಳಿದರು.

“ಆ ಮನ್ಯಾಗ ನಾ ಯಾರ ಕಡ್ಯಾಕಿ ಅಂತ ಕೇಳ್ತಾರ್ರಿ” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

ಅತ್ತೆ ಹಿಟ್ಟಿನ ಕೈಯಲ್ಲೇ ಫೋನ್ ಕಸಿದುಕೊಂಡರು. “ಅಲ್ಲಿ ಗಂಡಂದೇನದ? ಮನಿ ನಂದು. ಆಕಿ ಹೆಸರಿನ ಬಾಜೂಕ ನನ್ನ ಹೆಸರ ಬರಿ.”

“ಹಾಕ್ತೀನ್ರಿ ಅಮ್ಮಾ. ನಿಮಗ ಸೊಸಿ ಅಂತ ಹಾಕ್ಲ್ಯಾ?”

ಅತ್ತೆ ಒಂದು ಗಳಿಗೆ ನನ್ನ ಕಡೆ ನೋಡಿದರು. “ಸೊಸಿ ಬ್ಯಾಡ” ಎಂದರು. “ನಮ್ಮಾಕಿ ಅಂತ ಹಾಕು.”

“ಹಂಗ ಬರೀಲಿಕ್ಕ ಇದರಾಗ ಜಾಗಾ ಇಲ್ರಿ ಅಮ್ಮಾ.”

“ಇಲ್ಲಂದ್ರ ಮಾಡು!” ಎಂದು ಅತ್ತೆ ಗದರಿಸಿ ಫೋನನ್ನು ಮಗನ ಕೈಗೆ ತುರುಕಿದರು.

ನಾನು ನೆಲದ ಮೇಲೆ ಕೂತುಬಿಟ್ಟೆ. ನಗಲು ಹೋದವಳಿಗೆ ಅಳು ಬಂತು, ಅದರ ನಡುವೆಯೇ ಮತ್ತೆ ನಗು ಬಂತು. ಅತ್ತೆ ತಿರುಗಿಯೂ ನೋಡದೆ, “ಅಳೋದು ಆಮ್ಯಾಲ ಅಳು, ರೊಟ್ಟಿ ತಿರುವಿ ಹಾಕು, ಸೀಯ್ಲಿಕತ್ಯಾದ” ಎಂದರು. ನಾನು ಎದ್ದು ರೊಟ್ಟಿ ತಿರುವಿದೆ.